ತಾರಾಬಾಯಿ ಕೆಳಗಿಟ್ಟ ಚಪ್ಪಲಿ

ಮುಂದಿನ ವಿಡಿಯೋ ಫಾರ್ವರ್ಡ್ ಮಾಡುವ ಮೊದಲು ಇದನ್ನೊಮ್ಮೆ ಓದಿಬಿಡಿ ಗೆಳೆಯರೇ...

ಅಥಣಿಯಲ್ಲಿ ತಾರಾಬಾಯಿ ಅಂತ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೂ ಪಡಸಾಲೆಯಲ್ಲಿ ಕೂತು ಕೊಲ್ಹಾಪುರಿ ಚಪ್ಪಲಿ ಹೊಲಿದು ಬದುಕುತ್ತಿದ್ದಳು.

ಆ ಓಣಿಯಲ್ಲಿ ಯಾರು ಹೊಲಿದರೂ ಕೊಳ್ಳುವವನು ಬಾಳಾಸಾಬ ಎಂಬ ವ್ಯಾಪಾರಿಯೊಬ್ಬನೇ. ಅವನು ಹೇಳಿದ್ದೇ ರೇಟು. ಚಪ್ಪಲಿ ದೊಡ್ಡ ಊರಿಗೆ ಹೋಗುವಾಗ ಅದರ ಮೇಲೆ ಅವನದೇ ಹೆಸರು...

ತಾರಾಬಾಯಿಯ ಮಗಳು ಪೂರ್ಣಿಮಾಗೆ ಇದನ್ನು ಸಹಿಸಲಾಗಲಿಲ್ಲ. ಅವ್ವನ ಚಪ್ಪಲಿಗಳ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಒಂದು ಪೇಜ್ ಶುರು ಮಾಡಿದಳು.

ಮೊದಲು ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಮೈಸೂರಿನ ಟೀಚರೊಬ್ಬರು ತರಿಸಿಕೊಂಡರು. "ಹೊಸ ಚಪ್ಪಲಿ, ಆದರೂ ಕಾಲು ಕಚ್ಚಲಿಲ್ಲ" ಅಂತ ರಿವ್ಯೂ ಬರೆದರು.

ಆರ್ಡರ್ ಬರತೊಡಗಿದವು... ಕೊರಿಯರ್ ಹುಡುಗರಿಗೆ ಓಣಿಯ ದಾರಿ ರೂಢಿಯಾಯಿತು.

ಒಂದು ಭಾನುವಾರ ಮಧ್ಯಾಹ್ನ ತಾರಾಬಾಯಿ ಚಪ್ಪಲಿಯ ಪಟ್ಟಿಗೆ ಚರ್ಮದ ಎಳೆಗಳ ಜಡೆ ಹೆಣೆಯುತ್ತಿದ್ದಳು. ಪೂರ್ಣಿಮಾ ಅದನ್ನು ಫೋನಿನಲ್ಲಿ ಲೈವ್ ತೋರಿಸುತ್ತಿದ್ದಳು.

ಬಾಗಿಲು ಧಡ್ಡನೆ ತೆರೆಯಿತು. ಬಾಳಾಸಾಬ! ಹಿಂದೆ ಅವನ ಇಬ್ಬರು ಆಳುಗಳು.

"ನನ್ನ ಬಿಟ್ಟು ಫೋನಿನ್ಯಾಗ ವ್ಯಾಪಾರ ಮಾಡ್ತೀಯೇನ?"

"ನಾ ಹೊಲದ ಚಪ್ಪಲಿ ನಾ ಮಾರತೀನ್ರೀ. ನಿಮ್ದೇನು ಕಸಗೊಂಡೀನಿ?"

ಅವನು ಆಳುಗಳಿಗೆ ಕಣ್ಸನ್ನೆ ಮಾಡಿದ. ಆಳುಗಳು ಅವಳ ಬಲಗೈಯನ್ನು ಚರ್ಮ ಬಡಿಯುವ ಕಲ್ಲಿನ ಮೇಲೆ ಅದುಮಿ ಹಿಡಿದರು. ಬಾಳಾಸಾಬ ಅವಳದೇ ಮರದ ಕೊಡತಿ ಎತ್ತಿಕೊಂಡ...

ಬಡಿದ. ಎಲುಬು ಲಟಲಟನೆ ಮುರಿಯಿತು. ಮತ್ತೆ ಬಡಿದ.

ಅಡ್ಡ ಬಂದ ಪೂರ್ಣಿಮಾಳನ್ನು ಗೋಡೆಗೆ ತಳ್ಳಿದರು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು.

ಕೆಳಗೆ ಬಿದ್ದ ಫೋನು ಮಾತ್ರ ಆಫ್ ಆಗಿರಲಿಲ್ಲ. ನೋಡುತ್ತಿದ್ದವರಿಗೆಲ್ಲ ಆ ತಾಯಿಯ ಕಿರುಚಾಟ ಕೇಳಿಸಿತು.

ಅದರ ತುಣುಕು ಬೆಂಕಿಯಂತೆ ಹಬ್ಬಿತು. ಪೇಜಿಗೆ ಜನ ನುಗ್ಗಿದರು. "ಅವನ ಕೈ ಕಡಿಯಿರಿ", "ಅವನನ್ನು ಬಿಡಬೇಡಿ"... ಬರೀ ಇಂಥ ಕಾಮೆಂಟ್‌ಗಳೇ.

ತಾರಾಬಾಯಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಿದ್ದಳು. ಬಾಳಾಸಾಬ ತಲೆ ಮರೆಸಿಕೊಂಡಿದ್ದ. ಪೊಲೀಸರಿಗಿಂತ ಮೊದಲು ಅವನು ಸಿಕ್ಕಿದ್ದು ಸಿಟ್ಟಿಗೆದ್ದ ಜನರ ಕೈಗೆ.

ನಡುಹಗಲಲ್ಲಿ ಅವನನ್ನು ರಸ್ತೆಯುದ್ದಕ್ಕೂ ಎಳೆದುಕೊಂಡು ಬಂದು ಅವಳ ಬಾಗಿಲಿಗೆ ಕೆಡವಿದರು. ಅಂಗಿ ಹರಿದಿತ್ತು. ಹಲ್ಲು ಉದುರಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ಎಲ್ಲರಿಗಿಂತ ಮುಂದೆ, ಯೂಟ್ಯೂಬ್ ಚಾನೆಲ್ ನಡೆಸುವ ಒಬ್ಬ ಕೋಲಿಗೆ ಫೋನ್ ಸಿಕ್ಕಿಸಿಕೊಂಡು ನಿಂತಿದ್ದ. ಹೊರಗೆ ಬಂದ ತಾರಾಬಾಯಿಯ ಎಡಗೈಗೆ ಅವಳೇ ಹೊಲಿದ ಒಂದು ಚಪ್ಪಲಿಯನ್ನು ತುರುಕಿದ.

"ಅಕ್ಕಾ, ಮುಖಕ್ಕ ಒಂದ ಬಾರಸ್ರಿ! ಲೈವ್ ಐತಿ! ನಾಳಿಂದ ನಿಮ್ಮ ಚಪ್ಪಲಿಗೆ ಇಡೀ ದೇಶದಾಗ ಕ್ಯೂ ಹತ್ತತೈತಿ. ಇದಕ್ಕಿಂತ ದೊಡ್ಡ ಮಾರ್ಕೆಟಿಂಗ್ ಯಾವುದೈತಿ?"

"ಹೊಡಿ! ಹೊಡಿ!" ಓಣಿಯೆಲ್ಲ ಕೂಗಿತು.

ಸುಳ್ಳು ಹೇಳುವುದಿಲ್ಲ... ತಾರಾಬಾಯಿಗೂ ಹೊಡೆಯಬೇಕು ಅನಿಸಿತ್ತು. ಚಪ್ಪಲಿ ಎತ್ತಿದಳು.

ಅಷ್ಟರಲ್ಲಿ ಗುಂಪಿನಲ್ಲೊಬ್ಬ ಬಾಳಾಸಾಬನ ಬೆರಳುಗಳ ಮೇಲೆ ಬೂಟುಗಾಲಿಟ್ಟು ತುಳಿದ. ಲಟ್ ಅಂತ ಸದ್ದಾಯಿತು.

ಆ ಸದ್ದು ಅವಳಿಗೆ ಗೊತ್ತಿತ್ತು.

ಚಪ್ಪಲಿ ಕೆಳಗಿಟ್ಟಳು. ಅವನ ಮೇಲೆ ಅಡ್ಡ ಬಿದ್ದಳು... ಅವನಿಗೆಂದು ಬೀಸಿದ ಬಡಿಗೆ ಅವಳ ಬೆನ್ನಿಗೆ ಬಿತ್ತು.

ಬಡಿಗೆಯವನು ಹಿಂದೆ ಸರಿದ, ತಾರಾಬಾಯಿ ತಲೆಯೆತ್ತಿ ಕೂಗಿದಳು.

"ಸಾಯಿಸ್ತೀರೇನ್ರೋ ಇವನ್ನ?"

"ಅಕ್ಕಾ, ನಿಮ್ಮ ಕೈ ಮುರದಾನಲ್ರೀ ಅಂವ..." ಯೂಟ್ಯೂಬಿನವನು ತೊದಲಿದ.

"ಹೌದಪಾ. ಎಲುಬು ಮುರದ್ರ ಹೆಂಗ ಆಕ್ಕೈತಿ ಅಂತ ನಂಗ ಗೊತ್ತೈತಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ನಾ ಚಪ್ಪಲಿ ಮಾರಾಕ ಕುಂತೀನಿ, ಮಂದಿ ರಕ್ತ ಮಾರಾಕಲ್ಲ. ಬಂದ್ ಮಾಡು ಅದನ್ನ!"

ಅವನು ಬಂದ್ ಮಾಡಲಿಲ್ಲ. ಹಣೆಗೆ ಪಟ್ಟಿ ಕಟ್ಟಿದ್ದ ಪೂರ್ಣಿಮಾ ಕೋಲು ಕಿತ್ತುಕೊಂಡು ತಾನೇ ಆಫ್ ಮಾಡಿದಳು.

ಬಾಳಾಸಾಬ ತಾರಾಬಾಯಿಯ ಕಾಲು ಹಿಡಿದು ಅಳತೊಡಗಿದ. "ತಪ್ಪಾತು ತಾಯಿ... ಮಾಫಿ ಮಾಡು..."

"ಹೊಡಿಲಿಲ್ಲ ಅಂದ್ರ ಮಾಫಿ ಮಾಡೀನಿ ಅಂತಲ್ಲ. ಮೊದಲ ದವಾಖಾನಿಗೆ ನಡಿ. ಮುಂದಿಂದು ಕೋರ್ಟಿನ್ಯಾಗ ನೋಡೂಣು."

ಹೇಳಿದಂತೆ ನಡೆದಳು. ಅವಳ ಸಾಕ್ಷಿಯಿಂದಲೇ ಅವನು ಜೈಲಿಗೆ ಹೋದ.

ಆದರೆ ಪೇಜಿಗೆ ನುಗ್ಗಿದ್ದ ಜನ? ಹೊಡೆದಾಟ ಮುಗಿದ ಕೂಡಲೇ ಬಂದ ಹಾಗೇ ಹೋದರು. "ಹೇಡಿ" ಅಂತ ಬೈದು ಹೋದವರೂ ಇದ್ದರು.

ಉಳಿದವರು ಸ್ವಲ್ಪವೇ ಮಂದಿ. ಆ ಮೈಸೂರಿನ ಟೀಚರಂಥವರು. "ನಿಮ್ಮ ಕೈ ವಾಸಿಯಾಗಲಿ ಅಮ್ಮ, ನಮಗೆ ಅವಸರವಿಲ್ಲ... ಕಾಯುತ್ತೇವೆ" ಅಂತ ಬರೆದವರು.

ಕೈ ವಾಸಿಯಾಯಿತು, ಬೆರಳು ಮಾತ್ರ ಮೊದಲಿನಂತೆ ಮಡಚಲಿಲ್ಲ. ಜಡೆ ಹೆಣೆಯುವುದು ಇನ್ನು ಆಗುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟರು.

ಒಂದು ಬೆಳಿಗ್ಗೆ ಪೂರ್ಣಿಮಾ ಬಾಗಿಲು ತೆರೆದರೆ, ಹೊರಗೆ ಓಣಿಯ ಹೆಂಗಸರು. ಬಾಳಾಸಾಬನಿಗೆ ಹೆದರಿ ಇಷ್ಟು ವರ್ಷ ಉಸಿರೆತ್ತದಿದ್ದವರು. ಎಲ್ಲರ ಉಡಿಯಲ್ಲೂ ತಾವೇ ಹೊಲಿದ ಚಪ್ಪಲಿ.

ಮುಂದೆ ನಿಂತ ಮುದುಕಿ ನಾಚುತ್ತ ಹೇಳಿದಳು, "ನಮ್ದೂ ಫೋಟೋ ತಗಿಯವಾ... ನಮ್ಮ ಹೆಸರೂ ಬರಿ. ನಿಮ್ಮವ್ವನ ಆರ್ಡರ್ ನಾವ ಹೊಲದ ಕೊಡ್ತೀವಿ."

ಕೈ ಮುರಿದ ಮೇಲೆ ಒಂದು ಹನಿ ಕಣ್ಣೀರೂ ಹಾಕದ ತಾರಾಬಾಯಿ, ಅವತ್ತು ಬಾಗಿಲಲ್ಲೇ ಕುಸಿದು ಕೂತು ಗಳಗಳನೆ ಅತ್ತಳು...

ನೋಡಲು ನುಗ್ಗಿದವರೆಲ್ಲ ನಮ್ಮವರಲ್ಲ... ನಮಗಾಗಿ ಕಾದು ನಿಂತವರೇ ನಮ್ಮ ಗಿರಾಕಿಗಳು, ನಮ್ಮ ಜನ.

ಅವತ್ತು ಆ ಗುಂಪಿನಲ್ಲಿ ನೀವಿದ್ದಿದ್ದರೆ, ನಿಮ್ಮ ಕೈಯಲ್ಲಿ ಏನಿರುತ್ತಿತ್ತು... ಬಡಿಗೆಯೋ, ಫೋನೋ?