ಅಕ್ಕನಾಗಮ್ಮನ ಕಾರಿನ ಬ್ರೇಕು

"ಒಂದು ಕಡೆ ಸಾಕ್ರಿ ಅಕ್ಕಾ. ನನಗ ಜಲ್ದಿ ಹೋಗಬೇಕು," ಎಂದ ಹುಲಿಗೇಶ, ಕಾರಿನ ಮುಂಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು.

"ಎಲ್ಲಿಗಪ್ಪಾ ಅಷ್ಟು ಅವಸರ? ಒಂದೇ ಕಡೆ ಹೊಸಾ ಬ್ರೇಕ್ ಹಾಕಿದ್ರ ಗಾಡಿ ಆ ಕಡೀಗೇ ಎಳೀತೈತಿ. ಎರಡೂ ಕಡೆ ಹಾಕು," ಎನ್ನುತ್ತ ಅಕ್ಕನಾಗಮ್ಮ ಗೇಟಿಗೆ ಬೀಗ ಜಡಿದಳು.

"ಬೀಗ ಯಾಕ್ರಿ?"

"ಎಮ್ಮಿ ನುಗ್ತಾವ."

ಇವನನ್ನು ಬಿಟ್ಟರೆ ಕೆಟ್ಟೆ ಎಂಬುದು ಅವಳಿಗೆ ಗೊತ್ತಿತ್ತು. ನಾಳೆ ಕಂಪ್ಲಿಯಲ್ಲಿ ಬಸುರಿ ಮಗಳು ಗಂಗಾಂಬಿಕಾಳ ಕುಬುಸ. ತವರಿನ ಸೀರೆ, ಬಳೆ, ಬುಟ್ಟಿಗಟ್ಟಲೆ ಉಂಡಿ ಎಲ್ಲ ಸಿದ್ಧ. ಕಾರಿಗೆ ಮಾತ್ರ ಬ್ರೇಕಿಲ್ಲ. ಬ್ರೇಕಿನ ಹೊಸ ಡಿಸ್ಕುಗಳು ಆರು ತಿಂಗಳಿಂದ ಡಿಕ್ಕಿಯಲ್ಲೇ ಮಲಗಿದ್ದವು. ಸಂಡೂರಿನಲ್ಲಿ ದೇವರಾದರೂ ಸಿಕ್ಕಾನು, ಕಾರಿಗೆ ಮೆಕ್ಯಾನಿಕ್ ಸಿಗುವುದಿಲ್ಲ. ಎಲ್ಲರೂ ಅದಿರು ಟಿಪ್ಪರುಗಳ ಅಡಿಯಲ್ಲಿ ಬಿದ್ದಿರುತ್ತಾರೆ. ಬಂಡ್ರಿಯವನೊಬ್ಬ ಬಾನೆಟ್ ಎತ್ತಿಟ್ಟು ಚಹಾ ಕುಡಿಯಲು ಹೋದವನು, ದೀಪಾವಳಿ ಕಳೆದರೂ ಪತ್ತೆಯಿಲ್ಲ.

ಹುಲಿಗೇಶ ಹಾಗಲ್ಲ. ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಹಾಕಲು ಬಂದಾಗ ಅವನು ಆಗಲೇ ಕಾರನ್ನು ಎರಡು ಮಾರು ಉರುಳಿಸಿ, ಬ್ರೇಕಿನ ಕರಕರ ಕೇಳಿ ಮುಖ ಕಿವುಚಿಕೊಂಡಿದ್ದ.

"ಯಜಮಾನ್ರು ಹೇಳಿದ್ರು," ಎಂದ. "ಅಯ್ಯಯ್ಯೋ, ಈ ಬ್ರೇಕಿನ್ಯಾಗ ಘಾಟಿ ಇಳಿದ್ರ ಹೆಣಾನ ಬೀಳ್ತೈತಿ!"

ಅಕ್ಕನಾಗಮ್ಮ ಹೆಚ್ಚು ಕೇಳಲಿಲ್ಲ. ತಾನಾಗಿ ಬಂದವನನ್ನು ಪ್ರಶ್ನೆ ಕೇಳಿ ಓಡಿಸುವಷ್ಟು ದಡ್ಡಿಯಲ್ಲ ಅವಳು. ಡಿಕ್ಕಿ ತೆಗೆದು ಹೊಸ ಡಿಸ್ಕು ತೋರಿಸಿದಳು. ಅವನ ಮುಖ ಅರಳಿತು. ಮುಂಗಡ ಕೇಳದ ಮೆಕ್ಯಾನಿಕ್ ಸಂಡೂರಿನಲ್ಲಿ ಇನ್ನೂ ಹುಟ್ಟಿಲ್ಲ; ಇವನು ಕೂಲಿಯ ಮಾತೇ ಎತ್ತಲಿಲ್ಲ.

ಕೈ ಮಾತ್ರ ಬಂಗಾರ. ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಅದರ ಎಣ್ಣೆ ಪೈಪು ಜಗ್ಗದಂತೆ ತಂತಿಯಲ್ಲಿ ಕಟ್ಟಿದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಹಳೇ ಡಿಸ್ಕಿಗೆ ಸುತ್ತಿಗೆಯಲ್ಲಿ ಕೊಟ್ಟ ಏಟಿಗೆ ಓಣಿಯ ನಾಯಿಗಳೆಲ್ಲ ಬೊಗಳಿದವು. ಹೊಸದನ್ನು ಪೆಟ್ರೋಲಿನಲ್ಲಿ ಒರೆಸಿ ಕೂರಿಸಿದ. ಅಕ್ಕನಾಗಮ್ಮ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟಳು.

ಒಳಗೆ ಅವಳ ಗಂಡ ಜಡೆಪ್ಪ ಫೋನು ಹಿಡಿದು ಬೆವರುತ್ತಿದ್ದ.

"ಅವರು ಶಾಂತಕ್ಕನ ಹೋಟ್ಲಾಗ ಬಂದು ಕುಂತಾರ. ಬರ್ಲೇನು ಅಂತ ಕೇಳಾಕತ್ತಾರ," ಎಂದು ಪಿಸುಗುಟ್ಟಿದ.

"ಇನ್ನೂ ಒಂದು ಚಕ್ರ ಬಾಕಿ ಐತಿ. ಚಾ ಕುಡೀರಿ ಅನ್ರಿ."

"ಮೂರನೇ ಚಾ ಆತಂತ!"

"ನಾಕನೇದು ಕುಡೀಲಿ. ನೀವು ಮಾತ್ರ ಹೊರಗ ಮುಖ ತೋರಸಬ್ಯಾಡ್ರಿ, ಕೆಲಸ ಕೆಡ್ತೈತಿ."

ಜಡೆಪ್ಪ ಫೋನಿಗೆ ಬಾಯಿಟ್ಟು ಇನ್ನೊಂದು ಚಹಾ ಕುಡಿಯಲು ಹೇಳಿದ. ಇಷ್ಟು ವರ್ಷದ ಸಂಸಾರ ಅವನಿಗೆ ಅಷ್ಟನ್ನಾದರೂ ಕಲಿಸಿತ್ತು.

ಎರಡನೇ ಚಕ್ರವೂ ಕೂತಿತು. ಹುಲಿಗೇಶ ಕಾರೊಳಗೆ ಕೂತು ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಗಿ ಮಾಡಿದ. ಅಂಗಳದ ಇಳಿಜಾರಿನಲ್ಲಿ ಕಾರನ್ನು ಬಿಟ್ಟು ಪೆಡಲ್ ತುಳಿದ. ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಅಕ್ಕನಾಗಮ್ಮನಿಗೆ ಕಣ್ಣೀರೇ ಬಂತು. ಬೀಗರ ಊರಿನಲ್ಲಿ ಉಂಡಿ ಬುಟ್ಟಿ ಹೊತ್ತು ಬಸ್ಸಿಳಿಯುವ ಗತಿ ತಪ್ಪಿತು.

"ಬೀಗ ತಗೀರಿ ಅಕ್ಕಾ. ಒಂದು ಸುತ್ತು ಟ್ರಯಲ್ ನೋಡಿ ಬರ್ತೀನಿ."

"ತಡಿಯಪ್ಪಾ, ಕೀಲಿ ತರ್ತೀನಿ," ಎಂದವಳೇ ಒಳಗೆ ಹೋಗಿ ಗಂಡನ ಕೈಯಿಂದ ಫೋನು ಕಸಿದುಕೊಂಡಳು.

"ಇನ್‌ಸ್ಪೆಕ್ಟರ್ ಸಾಹೇಬ್ರ, ಕಾರ್ ಕದಿಯಾಕ ಬಂದವನ ಕೈ ಭಾಳ ಚಲೋ ಐತ್ರಿ, ಇನ್ನೊಂದು ಅರ್ಧ ತಾಸು ಅಲ್ಲೇ ಕುಂದರ್ರಿ, ಆಯಿಲೂ ಬದ್ಲಿ ಮಾಡಿಸಿಬಿಡ್ತೀನಿ."