ದಾರಿಯಲ್ಲಿ ಹೂಳಿದ್ದು

ಅಮೆರಿಕದ ಒರೆಗಾನ್‌ನಲ್ಲಿ ಜಮೀನು ಸಿಗುತ್ತದೆಂದು ಪಶ್ಚಿಮಕ್ಕೆ ಹೊರಟಿದ್ದ ಬಂಡಿಗಳ ಗುಂಪಿನಲ್ಲಿ ಹ್ಯಾನಾಳ ಗಂಡ ಕಾಲರಾದಿಂದ ಸತ್ತ. ಅವನನ್ನು ದಾರಿಯ ನಡುವೆಯೇ ಹೂಳಿ, ಗುರುತು ಉಳಿಯದಂತೆ ಮೇಲೆ ಎಲ್ಲ ಬಂಡಿಗಳನ್ನೂ ಹಾಯಿಸಿದರು.

“ಒಂದು ಶಿಲುಬೆನಾದ್ರೂ ನೆಡಿ ಅಣ್ಣಾ. ಮುಂದೆ ನಾನು ಬಂದ್ರೆ ಹೇಗೆ ಹುಡುಕಲಿ?” ಎಂದು ಹ್ಯಾನಾ ಅಂಗಲಾಚಿದಳು.

“ಬೇಡ ತಂಗಿ,” ಎಂದ ಗುಂಪಿನ ಮುಖಂಡ. “ಗೋರಿ ಕಂಡ್ರೆ ರೆಡ್ ಇಂಡಿಯನ್ನರು ಅಗೆದು ಹಾಕ್ತಾರೆ. ಸತ್ತವರಿಗೆ ಮರ್ಯಾದೆ ಕೊಡೋ ಜನ ಅಲ್ಲ ಅವರು.”

ಸಂಜೆ ಮುಖಂಡನ ಹೆಂಡತಿ ಬಿಸಿ ಕಾಫಿ ತಂದುಕೊಟ್ಟಳು.

“ಒಂದು ಮರವೂ ಇಲ್ಲದ ಈ ಬಯಲಲ್ಲಿ ಸೌದೆ ಎಲ್ಲಿ ಸಿಕ್ತು ಅಕ್ಕಾ?”

“ಆ ದಿಬ್ಬದ ಮೇಲೆ ಇಂಡಿಯನ್ನರು ತಮ್ಮ ಹೆಣಗಳನ್ನ ಹೂಳೋ ಬದಲು ಮಲಗಿಸಿದ್ದ ಮರದ ಅಟ್ಟ ಇತ್ತಲ್ಲ, ನಮ್ಮವರು ಅದನ್ನೇ ಕಿತ್ತು ತಂದ್ರು. ಚೆನ್ನಾಗಿ ಒಣಗಿತ್ತು ಕಣೇ.”