ಮಲಗಿಯೇ ಕೊಟ್ಟ ಉತ್ತರ

ಕೈ ಕೆಸರಾದರೆ ಬಾಯಿ ಮೊಸರು, ಬೆನ್ನು ಮುರಿದರೆ ಬಾಯಿ ಮುಚ್ಚು. ಗಾದೆ ಸೊಟ್ಟಗಿರಬಹುದು, ಕಥೆ ಮಾತ್ರ ಅಪ್ಪಟ ನಿಜ. ಯಾರೆಂದು ನೋಡದೆ ಫೋನ್ ಎತ್ತಿದೊಡನೆ ಗೋದಾಮಿನ ಮ್ಯಾನೇಜರ್‌ನ ಕೆಮ್ಮು ಕೇಳಿಸಿತು. ಬೆನ್ನಿಗೆ ಪೆಟ್ಟಾಗಿ ಮನೆಯಲ್ಲಿ ಮಲಗಿದ್ದ ಲೋಡರ್ ತಟ್ಟನೆ ಏಳಲು ಹೊರಟ. ಹನ್ನೆರಡು ವರ್ಷದಿಂದ ಆ ದನಿಗೆ ಅವನು ಫೋನಿನಲ್ಲೂ ಎದ್ದು ನಿಂತೇ ಉತ್ತರಿಸುತ್ತಿದ್ದ.

"ಏನಪ್ಪಾ, ನಾಳೆ ಕಾಗದ ತರ್ತೀನಿ. ಮನೇಲಿ ಜಾರಿ ಬಿದ್ದೆ ಅಂತ ಸಹಿ ಹಾಕ್ಬಿಡು. ನಾವೆಲ್ಲ ಒಂದೇ ಮನೆಯವರಲ್ವಾ?"

ಮೊಣಕೈ ಊರಿ ಅರ್ಧ ಎದ್ದವನ ಬೆನ್ನು ಚುಳ್ಳೆಂದಿತು. ನಿಧಾನವಾಗಿ ಮತ್ತೆ ದಿಂಬಿಗೆ ಒರಗಿದ. "ಆ ಮನೆ ಅಂದ್ರೆ ಗೋದಾಮಲ್ವಾ ಸಾರ್? ಅಲ್ಲೇ ಬಿದ್ದಿದ್ದು. ನಾಲ್ಕು ಜನ ಎತ್ತೋ ಪೆಟ್ಟಿಗೇನ ಇಬ್ಬರ ಕೈಲಿ ಎತ್ತಿಸಿದ್ರಿ. ಡಾಕ್ಟರ್ ಚೀಟಿ ಇದೆ, ನೋಡಿದವರಿದ್ದಾರೆ. ಸಹಿ ಹಾಕಲ್ಲ. ವಕೀಲರನ್ನ ಕೇಳಿದ್ದಾಯ್ತು, ಪರಿಹಾರಕ್ಕೆ ಅರ್ಜಿ ಕೊಟ್ಟೇ ಕೊಡ್ತೀನಿ."

ಅದೇ ಕೆಮ್ಮು ಈಗ ಅಡುಗೆಮನೆಯಿಂದ ಬಂತು. ಹಿಂದೆಯೇ ಫೋನ್ ಹಿಡಿದ ಭಾಮೈದ ಇಣುಕಿದ. "ಭಾವ, ನಾಳೆ ಕಾಗದ ಹಿಡ್ಕೊಂಡು ಬರೋ ಅಸಲಿ ಮ್ಯಾನೇಜರ್ ಮುಂದೆ ಒಂದಕ್ಷರನೂ ಬದಲಾಯಿಸ್ಬೇಡಿ! ನೀವು ಎದ್ದು ನಿಂತು ಸಹಿ ಹಾಕ್ತೀರಿ ಅಂತ ಅಕ್ಕಂಗೆ ಒಂದೇ ಭಯ." ಅವನ ಹಿಂದೆ ಲೋಡರ್‌ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವರಿಬ್ಬರಿಗಿಂತ ಜೋರಾಗಿ ನಕ್ಕವನು ಲೋಡರ್, ಸೊಂಟ ಒತ್ತಿ ಹಿಡಿದುಕೊಂಡು, "ಅಯ್ಯೋ, ನಗಿಸ್ಬೇಡ್ವೋ ಕಳ್ಳ, ನೋಯುತ್ತೆ" ಎನ್ನುತ್ತ.